ಟರ್ನೊವೊ ಕೋಟೆ, ಎಟರ್‌ನ ಕೈಕೆಲಸ: ಒಂದು ದಿನದ ಪ್ರವಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಲ್ಗೇರಿಯಾಕ್ಕೆ ಬರುವ ಕನ್ನಡದವರು ಕಡಿಮೆ. ಆದರೆ ಬಂದವರೆಲ್ಲ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಜರ್ಮನಿಯಿಂದ ವಾರಾಂತ್ಯಕ್ಕೆ ಹಾರಿ ಬರುವ ಸಾಫ್ಟ್‌ವೇರ್ ಹುಡುಗರಿರಲಿ, ಮಗಳ ಬಾಣಂತನಕ್ಕೆಂದು ಯುರೋಪಿಗೆ ಬಂದು ನಾಲ್ಕು ದಿನ ಬಿಡುವು ಸಿಕ್ಕ ಅಮ್ಮಂದಿರಿರಲಿ, ಎಲ್ಲರಿಗೂ ವಾಟ್ಸಾಪ್‌ನಲ್ಲಿ ಬಿಡಿಬಿಡಿಯಾಗಿ ಬರೆದು ಸಾಕಾಗಿ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಹೊರಡುವ ಮುಂಚೆ ಒಮ್ಮೆ ಓದಿಕೊಂಡು ಬನ್ನಿ. ವ್ಯಾನಲ್ಲಿ ಮಾತಾಡಲು ಬೇರೆ ವಿಷಯ ಬೇಕಾದಷ್ಟಿದೆ.

ಒಂದೇ ದಿನದಲ್ಲಿ ಏನೇನು ನೋಡುತ್ತೇವೆ?

ಬೆಳಿಗ್ಗೆ ವೆಲಿಕೊ ಟರ್ನೊವೊ ಊರಿನ ತ್ಸಾರೆವೆತ್ಸ್ ಕೋಟೆ. ಅಲ್ಲಿಂದ ಇಳಿದು ನಲವತ್ತು ಹುತಾತ್ಮರ ಚರ್ಚ್. ಆಮೇಲೆ ಸಮೊವೊದ್ಸ್ಕಾ ಚಾರ್ಶಿಯಾ ಅನ್ನುವ ಹಳೇ ಪೇಟೆ ಬೀದಿ, ಊಟ. ಮಧ್ಯಾಹ್ನ ವ್ಯಾನ್ ಹತ್ತಿ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ, ಗಾಬ್ರೊವೊ ಊರಿನಾಚೆ ಎಟರ್ ಬಯಲು ಮ್ಯೂಸಿಯಂ. ಸಂಜೆವರೆಗೂ ಅಲ್ಲೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಒಂದು ದಿನದೊಳಗೆ ಎರಡು ಬೇರೆ ಬೇರೆ ಕಾಲ ಇದೆ. ಕೋಟೆಯದು 12ರಿಂದ 14ನೇ ಶತಮಾನದ ಕಥೆ. ಎಟರ್‌ನಲ್ಲಿ ಕಾಣುವ ಮನೆಗಳು, ಕಸುಬುಗಳು 18-19ನೇ ಶತಮಾನದವು, ಅಂದರೆ ಒಟ್ಟೊಮನ್ ತುರ್ಕರ ಆಳ್ವಿಕೆಯ ಕೊನೆಗಾಲದವು. ನಡುವೆ ನಾಲ್ಕು ನೂರು ವರ್ಷ. ಫೋಟೊ ಹಾಕುವಾಗ ಎಲ್ಲದಕ್ಕೂ ‘ಮಧ್ಯಯುಗದ ಬಲ್ಗೇರಿಯಾ’ ಅಂತ ಬರೆಯಬೇಡಿ. ಇಲ್ಲಿನ ಗೈಡ್‌ಗಳು ಬೇಜಾರು ಮಾಡಿಕೊಳ್ಳುತ್ತಾರೆ.

ಸೋಫಿಯಾದಿಂದಲೇ ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬರಬಹುದಾ?

ಬರಬಹುದು. ಆದರೆ ಬೇಡ. ಒಂದು ಕಡೆಗೆ ಸುಮಾರು 220 ಕಿಲೋಮೀಟರ್, ಮೂರು ಗಂಟೆ ದಾರಿ. ಹಾಗೆ ಬಂದವರು ಎಟರ್‌ನಲ್ಲಿ ನೀರಿನ ಗಿರಣಿಯ ಪಕ್ಕ ಬೆಂಚಿನ ಮೇಲೆ ಕೂತು ತೂಕಡಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹಿಂದಿನ ರಾತ್ರಿ ಟರ್ನೊವೊದಲ್ಲೇ ಉಳಿಯಿರಿ. ರುಮೇನಿಯಾದ ಬುಕಾರೆಸ್ಟ್‌ನಿಂದ ಬರುವವರಿಗೆ ದೂರ ಇನ್ನೂ ಕಡಿಮೆ. ರೂಸೆ ಹತ್ತಿರ ಡ್ಯಾನ್ಯೂಬ್ ಸೇತುವೆ ದಾಟಿ ಬರಬೇಕು.

ವೀಸಾ?

ಭಾರತದ ಪಾಸ್‌ಪೋರ್ಟ್ ಇದ್ದರೆ ಷೆಂಗೆನ್ ವೀಸಾ. ಬಲ್ಗೇರಿಯಾ ವಿಮಾನ ಮತ್ತು ಹಡಗಿನ ಮಟ್ಟಿಗೆ 2024ರ ಮಾರ್ಚ್ 31ಕ್ಕೆ, ರಸ್ತೆ ಗಡಿಗೂ ಸೇರಿ 2025ರ ಜನವರಿ 1ಕ್ಕೆ ಷೆಂಗೆನ್ ಒಳಗೆ ಬಂತು. ಹಾಗಾಗಿ ಬೇರೆ ಷೆಂಗೆನ್ ದೇಶದಲ್ಲಿರುವವರಿಗೆ ಪ್ರತ್ಯೇಕ ವೀಸಾ ಬೇಕಿಲ್ಲ.

ಟರ್ನೊವೊ ಯಾಕೆ ಅಷ್ಟು ಮುಖ್ಯ?

1185ರಿಂದ 1393ರವರೆಗೆ ಇದು ಎರಡನೇ ಬಲ್ಗೇರಿಯನ್ ಸಾಮ್ರಾಜ್ಯದ ರಾಜಧಾನಿ. ಅದಕ್ಕೂ ಮುಂಚೆ, 1018ರಿಂದ, ದೇಶ ಬೈಜಾಂಟಿಯಂ ಕೈಯಲ್ಲಿತ್ತು, ಅಂದರೆ ಕಾನ್‌ಸ್ಟಾಂಟಿನೋಪಲ್‌ನಿಂದ (ಈಗಿನ ಇಸ್ತಾಂಬುಲ್) ಆಳುತ್ತಿದ್ದ ಗ್ರೀಕರ ಸಾಮ್ರಾಜ್ಯದ ಕೈಯಲ್ಲಿ. ದಂಗೆ ಶುರುವಾದ ಕಥೆ ನನಗೆ ತುಂಬ ಇಷ್ಟ. ಬೈಜಾಂಟಿಯಂನ ಚಕ್ರವರ್ತಿ ಎರಡನೇ ಐಸಾಕ್‌ಗೆ ಮದುವೆ. ಖರ್ಚಿಗೆ ದುಡ್ಡು ಸಾಲದೆ ಜನರ ಮೇಲೆ ಹೊಸ ತೆರಿಗೆ ಹಾಕಿದ, ದನಕರು ಎಳೆದುಕೊಂಡು ಹೋಗುವಂಥ ತೆರಿಗೆ. ಇದೇ ಹೊತ್ತಿಗೆ ಅಸೆನ್, ಪೀಟರ್ ಅನ್ನುವ ಅಣ್ಣತಮ್ಮಂದಿರು ಚಕ್ರವರ್ತಿಯ ಹತ್ತಿರ ಹೋಗಿ ಒಂದು ಜಹಗೀರು ಕೇಳಿದರು. ಸಿಗಲಿಲ್ಲ. ಸಿಟ್ಟಿನಿಂದ ಮಾತಾಡಿದ ಅಸೆನ್‌ಗೆ ಕೆನ್ನೆಗೆ ಏಟು ಬಿತ್ತು. ಇದನ್ನು ಬರೆದಿಟ್ಟವನು ಬೈಜಾಂಟಿಯಂ ಕಡೆಯ ಚರಿತ್ರೆಕಾರನೇ.

ಊರಿಗೆ ಬಂದ ಅಣ್ಣತಮ್ಮಂದಿರು ಸಂತ ದಿಮಿತ್ರಿಯ ಹೆಸರಲ್ಲಿ ಒಂದು ಚರ್ಚ್ ಕಟ್ಟಿಸಿದರು. ಆ ವರ್ಷವೇ ನಾರ್ಮನ್ನರು ಥೆಸಲೊನೀಕಿ ಪಟ್ಟಣವನ್ನು ಲೂಟಿ ಮಾಡಿದ್ದರು. ಅದು ಆ ಸಂತನ ಊರು. ‘ಸಂತ ಗ್ರೀಕರನ್ನು ಬಿಟ್ಟು ನಮ್ಮ ಕಡೆ ಬಂದಿದ್ದಾನೆ’ ಅಂತ ಸುದ್ದಿ ಹಬ್ಬಿತು. ಜನ ಕತ್ತಿ ಹಿಡಿದರು. ದ್ವಾರಸಮುದ್ರದಲ್ಲಿ ಇಮ್ಮಡಿ ವೀರಬಲ್ಲಾಳ ಆಳುತ್ತಿದ್ದ ಕಾಲ ಅದು ಅಂತ ನೆನಪಿಟ್ಟುಕೊಂಡರೆ ಇಸವಿ ಮರೆಯುವುದಿಲ್ಲ.

ಮೂರು ತಿಂಗಳ ಮುತ್ತಿಗೆ ಆಗಿ 1393ರ ಜುಲೈ 17ಕ್ಕೆ ಊರು ತುರ್ಕರ ಕೈಗೆ ಹೋಯಿತು. ಆಗ ರಾಜ ಇವಾನ್ ಶಿಶ್ಮನ್ ಊರಲ್ಲಿರಲಿಲ್ಲ. ಊರನ್ನು ಹಿಡಿದು ನಿಲ್ಲಿಸಿದ್ದವರು ಧರ್ಮಗುರು ಎವ್ತಿಮಿ.

ಕೋಟೆ ನಿಜವಾಗಿ ಹಳೆಯದಾ? ಗೋಡೆ ಹೊಸದಾಗಿ ಕಾಣುತ್ತದೆ ಅಲ್ವಾ?

ಸರಿಯಾಗಿಯೇ ಕಂಡಿದೆ. ಕಣ್ಣಿಗೆ ಬೀಳುವುದರಲ್ಲಿ ಬಹುಪಾಲು 1930ರಿಂದ 1981ರ ನಡುವೆ ಎಬ್ಬಿಸಿದ್ದು. 1981ಕ್ಕೆ ಬಲ್ಗೇರಿಯಾ ರಾಜ್ಯಕ್ಕೆ 1300 ವರ್ಷ ತುಂಬಿತು, ಆ ಹಬ್ಬಕ್ಕೆ ಕೆಲಸ ಮುಗಿಸಿದರು. ಬಾಲ್ಡ್‌ವಿನ್ ಗೋಪುರ ಅಂತ ತೋರಿಸುತ್ತಾರಲ್ಲ, ಅದು 1930ರ ದಶಕದ್ದು. ಮೂಲ ಗೋಪುರ ಹೇಗಿತ್ತೋ ಗೊತ್ತಿಲ್ಲದ್ದರಿಂದ ಚೆರ್ವೆನ್ ಅನ್ನುವ ಇನ್ನೊಂದು ಕೋಟೆಯ ಗೋಪುರ ನೋಡಿ ಕಟ್ಟಿದರು. ಬಾಲ್ಡ್‌ವಿನ್ ಮಾತ್ರ ನಿಜ. ಪಶ್ಚಿಮ ಯುರೋಪಿನಿಂದ ಬಂದು ಕಾನ್‌ಸ್ಟಾಂಟಿನೋಪಲ್ ಹಿಡಿದಿದ್ದ ಲ್ಯಾಟಿನ್ನರ ಚಕ್ರವರ್ತಿ. 1205ರ ಯುದ್ಧದಲ್ಲಿ ರಾಜ ಕಲೊಯಾನ್‌ಗೆ ಸೆರೆಸಿಕ್ಕಿ ಇದೇ ಊರಲ್ಲಿ ಕೈದಿಯಾಗಿದ್ದ.

ಹಾಗಾದರೆ ಯಾಕೆ ಹತ್ತಬೇಕು? ಜಾಗಕ್ಕೋಸ್ಕರ. ಬೆಟ್ಟವನ್ನು ಯಾಂತ್ರ ನದಿ ಮೂರು ಕಡೆಯಿಂದ ಬಳಸಿಕೊಂಡು ಹರಿಯುತ್ತದೆ. ಒಳಗೆ ಹೋಗಲು ಬಂಡೆಯ ಮೇಲೆ ಕಿರಿದಾದ ಒಂದೇ ದಾರಿ, ಅದರಲ್ಲಿ ಒಂದರ ಹಿಂದೊಂದು ಬಾಗಿಲು. ಅಲ್ಲಿ ನಿಂತು ಕೆಳಗೆ ನೋಡಿದರೆ ಮೂರು ತಿಂಗಳು ಹೇಗೆ ತಡೆದರು ಅನ್ನುವುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. ನದಿಯ ಹೆಸರು ಕೇಳಿ ಎಲ್ಲರೂ ನಗುತ್ತಾರೆ. ಅದಕ್ಕೂ ನಮ್ಮ ಯಂತ್ರಕ್ಕೂ ನಂಟಿಲ್ಲ. ಆದರೆ ಮಧ್ಯಾಹ್ನ ಎಟರ್‌ನಲ್ಲಿ ಯಂತ್ರಗಳನ್ನು ತಿರುಗಿಸುವ ಸಿವೆಕ್ ಹೊಳೆ ಮುಂದೆ ಹೋಗಿ ಸೇರುವುದು ಇದೇ ಯಾಂತ್ರಕ್ಕೆ.

ಬೆಟ್ಟದ ತುದಿಯ ಚರ್ಚ್ ಒಳಗೆ ಚಿತ್ರಗಳು ವಿಚಿತ್ರವಾಗಿವೆಯಂತೆ?

ಹೌದು. ಬಂಗಾರದ ಹಿನ್ನೆಲೆ, ಶಾಂತ ಮುಖ ಅಂತ ನಿರೀಕ್ಷೆ ಇಟ್ಟುಕೊಂಡು ಹೋದವರು ಬಾಗಿಲಲ್ಲೇ ನಿಂತುಬಿಡುತ್ತಾರೆ. ತೆಯೊಫಾನ್ ಸೊಕೆರೊವ್ ಅನ್ನುವ ಚಿತ್ರಕಾರ 1985ರಲ್ಲಿ ಮುಗಿಸಿದ ಗೋಡೆಚಿತ್ರಗಳು. ಉದ್ದುದ್ದ ಎಳೆದ ಮೈ, ಕಪ್ಪು-ಬೂದು ಬಣ್ಣ, ನೋವು ತುಂಬಿದ ಮುಖಗಳು. ಬಲ್ಗೇರಿಯಾದ ಏಳುಬೀಳುಗಳ ಚರಿತ್ರೆಯೇ ವಸ್ತು. ಇಲ್ಲಿ ಪೂಜೆ ನಡೆಯುವುದಿಲ್ಲ. ನನಗೆ ಮೊದಲ ಸಲ ಹಿಡಿಸಲಿಲ್ಲ. ಈಗ ಗುಂಪು ಹೊರಗೆ ಸೆಲ್ಫಿ ತೆಗೆದುಕೊಳ್ಳುವಾಗ ನಾನೊಬ್ಬನೇ ಇನ್ನೊಂದು ಸುತ್ತು ಬರುತ್ತೇನೆ.

ನಲವತ್ತು ಹುತಾತ್ಮರ ಚರ್ಚಿನಲ್ಲಿ ಏನು ವಿಶೇಷ?

ಕಂಬಗಳು. ಎರಡನೇ ಇವಾನ್ ಅಸೆನ್ 1230ರ ಮಾರ್ಚ್ 9ರಂದು ಕ್ಲೊಕೊತ್ನಿತ್ಸಾ ಯುದ್ಧ ಗೆದ್ದ. ಅದು ನಲವತ್ತು ಹುತಾತ್ಮರ ಹಬ್ಬದ ದಿನ. ಗೆಲುವನ್ನು ಇಲ್ಲಿನ ಒಂದು ಕಂಬದ ಮೇಲೆ ಕೆತ್ತಿಸಿದ. ಚರ್ಚ್ ಕಟ್ಟುವಾಗ ಹಳೇ ಕಂಬಗಳನ್ನೂ ತಂದು ನಿಲ್ಲಿಸಿದರು. ಅದರಲ್ಲೊಂದು 9ನೇ ಶತಮಾನದ ಬಲ್ಗೇರಿಯಾದ ದೊರೆ ಖಾನ್ ಒಮುರ್ತಾಗ್‌ನದು. ಆಗಿನ್ನೂ ಬಲ್ಗೇರಿಯನ್ನರಿಗೆ ಸಿರಿಲಿಕ್ ಲಿಪಿ ಇರಲಿಲ್ಲ, ಅದಕ್ಕೆ ಬರಹ ಗ್ರೀಕ್‌ನಲ್ಲಿದೆ. ತಾನು ಕಟ್ಟಿಸಿದ ಮನೆಗಳ ದೂರದ ಲೆಕ್ಕ ಹೇಳುತ್ತಾ ಹೇಳುತ್ತಾ ಖಾನ್ ಇದ್ದಕ್ಕಿದ್ದಂತೆ ಬೇರೆ ಮಾತಿಗೆ ಬರುತ್ತಾನೆ: ಮನುಷ್ಯ ಚೆನ್ನಾಗಿ ಬಾಳಿದರೂ ಸಾಯುತ್ತಾನೆ, ಇನ್ನೊಬ್ಬ ಹುಟ್ಟುತ್ತಾನೆ, ಆಮೇಲೆ ಹುಟ್ಟಿದವನು ಇದನ್ನು ನೋಡಿ ಕಟ್ಟಿದವನನ್ನು ನೆನೆಯಲಿ. ನಮ್ಮ ಶಾಸನಗಳಲ್ಲಿ ಅಳಿಸಿದವರಿಗೆ ಶಾಪ ಇರುತ್ತದಲ್ಲ, ಇಲ್ಲಿ ಶಾಪ ಇಲ್ಲ, ಬರೀ ಕೋರಿಕೆ. ಈ ಕಂಬದ ಮುಂದೆ ನಾನು ಹತ್ತು ನಿಮಿಷ ಜಾಸ್ತಿ ತೆಗೆದುಕೊಳ್ಳುತ್ತೇನೆ. ದಯವಿಟ್ಟು ಅವಸರ ಮಾಡಬೇಡಿ.

1908ರ ಸೆಪ್ಟೆಂಬರ್ 22ರಂದು ಬಲ್ಗೇರಿಯಾದ ಸ್ವಾತಂತ್ರ್ಯ ಘೋಷಣೆ ಆಗಿದ್ದೂ ಇದೇ ಚರ್ಚಿನಲ್ಲಿ. 1913ರ ಭೂಕಂಪದಲ್ಲಿ ಕಟ್ಟಡಕ್ಕೆ ದೊಡ್ಡ ಪೆಟ್ಟು ಬಿತ್ತು. ಹಾಗಾಗಿ ಇಲ್ಲೂ ಹಳೆಯದು, ಹೊಸದು ಬೆರೆತಿವೆ.

ಚರ್ಚ್ ಒಳಗೆ ಚಪ್ಪಲಿ ಬಿಡಬೇಕಾ?

ಬೇಡ. ನಮ್ಮವರು ಅಭ್ಯಾಸಬಲದಿಂದ ಹೊಸ್ತಿಲಲ್ಲಿ ಶೂ ಬಿಚ್ಚಲು ಕೂತುಬಿಡುತ್ತಾರೆ, ಹಿಂದೆ ಸಾಲು ನಿಲ್ಲುತ್ತದೆ. ಗಂಡಸರು ಟೋಪಿ ತೆಗೆದರೆ ಸಾಕು. ಪೂಜೆ ನಡೆಯುವ ಚರ್ಚುಗಳಲ್ಲಿ ಮೇಣದಬತ್ತಿ ಹಚ್ಚುವುದಿದ್ದರೆ ಜಾಗ ನೋಡಿ ಹಚ್ಚಿ. ಮೇಲಿನ ತಟ್ಟೆ ಬದುಕಿರುವವರಿಗೆ, ಕೆಳಗಿನದು ತೀರಿಕೊಂಡವರಿಗೆ. ಗೊತ್ತಿಲ್ಲದೆ ಅತ್ತೆಯ ಹೆಸರಲ್ಲಿ ಕೆಳಗೆ ಹಚ್ಚಿಬಿಟ್ಟ ಒಬ್ಬರು ಆ ದಿನ ಪೂರ್ತಿ ನಗಿಸಿದರು. ಅತ್ತೆ ಪಕ್ಕದಲ್ಲೇ ಇದ್ದರು.

ಚಾರ್ಶಿಯಾ ಅಂದರೆ ಏನು? ಸುಮ್ನೆ ಶಾಪಿಂಗ್ ಬೀದಿನಾ?

ಚಾರ್ಶಿಯಾ ಅಂದರೆ ಪೇಟೆ. ಹತ್ತಿರದ ಸಮೊವೊದೆನೆ ಹಳ್ಳಿಯವರು ತರಕಾರಿ ತಂದು ಮಾರುತ್ತಿದ್ದ ಜಾಗ, ಅದಕ್ಕೇ ಆ ಹೆಸರು. ಕಲ್ಲುಹಾಸಿನ ಬೀದಿ, ಎರಡೂ ಕಡೆ ಕಸುಬುದಾರರ ಅಂಗಡಿ. ಕೆಲವು ಈಗ ಬರೀ ಫ್ರಿಜ್ ಮ್ಯಾಗ್ನೆಟ್ ಮಾರುತ್ತವೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕುಂಬಾರ, ಮರ ಕೆತ್ತುವವರು, ತಾಮ್ರದ ಕೆಲಸದವರು ಇನ್ನೂ ಇದ್ದಾರೆ.

ಇಲ್ಲಿ ಕಿವಿ ತೆರೆದಿಡಿ. ಅಂಗಡಿಗೆ ‘ದ್ಯುಕ್ಯಾನ್’ ಅನ್ನುತ್ತಾರೆ, ಉತ್ತರ ಕರ್ನಾಟಕದವರಿಗೆ ತಕ್ಷಣ ಹೊಳೆಯುತ್ತದೆ: ದುಕಾನು. ಜೇಬಿಗೆ ‘ಜೊಬ್’, ಮೊಹಲ್ಲಾಗೆ ‘ಮಹಲಾ’. ತುರ್ಕರ ಜೊತೆ ಅತ್ತ ಹೋದ ಮಾತುಗಳು, ನಮ್ಮಲ್ಲಿಗೆ ಬೇರೆ ದಾರಿಯಲ್ಲಿ ಬಂದವು. ಕಸುಬುದಾರನಿಗೆ ‘ಮಾಯ್‌ಸ್ತೊರ್’. ಅದೇ ಲ್ಯಾಟಿನ್ ಬೇರಿನಿಂದ ಪೋರ್ಚುಗೀಸರ ಮೂಲಕ ನಮಗೆ ಸಿಕ್ಕಿದ್ದು ಮೇಸ್ತ್ರಿ. ಹಿಂದೆ ಇಲ್ಲಿ ಹುಡುಗ ‘ಚಿರಾಕ್’ ಆಗಿ ಸೇರಿ, ‘ಕಾಲ್ಫಾ’ ಆಗಿ ಪಳಗಿ, ಸಂಘದವರು ಒಪ್ಪಿದ ಮೇಲಷ್ಟೇ ಮಾಯ್‌ಸ್ತೊರ್ ಅನ್ನಿಸಿಕೊಳ್ಳುತ್ತಿದ್ದ.

ಮಧ್ಯಯುಗದ್ದೇ ಆದ ಕೈಕೆಲಸ ಯಾವುದಾದರೂ ಕಾಣಸಿಗುತ್ತಾ?

ಸ್ಗ್ರಾಫಿಟೊ ಮಡಕೆ ನೋಡಿ. ಟರ್ನೊವೊ ರಾಜಧಾನಿಯಾಗಿದ್ದಾಗ ಊಟದ ಬಟ್ಟಲುಗಳನ್ನು ಹೀಗೆ ಮಾಡುತ್ತಿದ್ದರು, ಅಗೆದಾಗ ಸಿಕ್ಕ ಚೂರುಗಳು ಇಲ್ಲಿನ ಮ್ಯೂಸಿಯಂನಲ್ಲಿವೆ. ಕೆಂಪು ಮಣ್ಣಿನ ಬಟ್ಟಲಿಗೆ ಬಿಳಿ ಜೇಡಿಮಣ್ಣಿನ ತಿಳಿ ಬಳಿಯುತ್ತಾರೆ. ಅದು ಅರ್ಧ ಒಣಗಿದಾಗ ಚೂಪು ಕಡ್ಡಿಯಿಂದ ಗೀರುತ್ತಾರೆ. ಗೀರಿದ ಕಡೆ ಒಳಗಿನ ಕೆಂಪು ಹೊರಗೆ ಬರುತ್ತದೆ: ಹಕ್ಕಿ, ಬಳ್ಳಿ, ಚಕ್ರ. ಮೇಲೆ ಹಸಿರು, ಹಳದಿ ಮೆರುಗು ಕೊಟ್ಟು ಸುಡುತ್ತಾರೆ. ಈಗಿನ ಕುಂಬಾರರು ಹಳೇ ಚೂರುಗಳನ್ನು ನೋಡಿಯೇ ಮತ್ತೆ ಕಲಿತಿದ್ದು. ಕೊಳ್ಳುವ ಮುಂಚೆ ಗೀರಿನ ಮೇಲೆ ಬೆರಳು ಆಡಿಸಿ. ಮೆರುಗಿನ ಕೆಳಗೂ ತಗ್ಗು ಸಿಗಬೇಕು. ಬರೀ ನುಣ್ಣಗಿದ್ದರೆ ಅದು ಬಣ್ಣದಲ್ಲಿ ಬರೆದಿದ್ದು.

ಎಟರ್ ಸಿನಿಮಾ ಸೆಟ್ ತರಹ ಇರುತ್ತಾ?

ಆ ಭಯ ನನಗೂ ಇತ್ತು. ಇದನ್ನು ಶುರು ಮಾಡಿದವರು ಲಾಜರ್ ದೊಂಕೊವ್, ಬಾಗಿಲು ತೆರೆದಿದ್ದು 1964ರ ಸೆಪ್ಟೆಂಬರ್ 7ರಂದು. ಸಿವೆಕ್ ಹೊಳೆಯ ದಂಡೆಯಲ್ಲಿ ಒಂದು ಹಳೇ ಗಿರಣಿ ಇತ್ತು. ಅದರ ಸುತ್ತ ಗಾಬ್ರೊವೊ ಕಡೆಯ ಮನೆಗಳ ಪ್ರತಿಗಳನ್ನು ಕಟ್ಟಿ, ನೀರಿನಿಂದ ಓಡುವ ಹಳೇ ಯಂತ್ರಗಳನ್ನು ಸೇರಿಸಿದರು. ಮನೆಗಳು ಪ್ರತಿ ಅನ್ನುವುದು ನಿಜ. ಆದರೆ ಯಂತ್ರಗಳು ಓಡುತ್ತವೆ, ಅದೇ ಮುಖ್ಯ. ಒಳಗೆ ಕಾಲಿಟ್ಟಾಗ ಮೊದಲು ಬರುವುದು ನೀರಿನ ಸದ್ದು, ಆಮೇಲೆ ಮರದ ಸುತ್ತಿಗೆಗಳ ದಪ್ ದಪ್.

ಆ ದಪ್ ದಪ್ ಉಣ್ಣೆ ಬಟ್ಟೆ ಬಡಿಯುವ ಯಂತ್ರದ್ದು. ಮಗ್ಗದಿಂದ ಬಂದ ಉಣ್ಣೆ ಬಟ್ಟೆ ಸಡಿಲವಾಗಿರುತ್ತದೆ. ನೀರಲ್ಲಿ ನೆನೆಸಿ ಗಂಟೆಗಟ್ಟಲೆ ಬಡಿದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಬಟ್ಟೆ ದಪ್ಪವಾಗುತ್ತದೆ, ಗಾಳಿ ನುಗ್ಗುವುದಿಲ್ಲ. ನಮ್ಮ ಕುರುಬರ ಕಂಬಳಿಗೆ ಹುಣಸೆಬೀಜದ ಗಂಜಿ ಕೊಟ್ಟು ಗಟ್ಟಿ ಮಾಡುತ್ತಾರೆ. ಇಲ್ಲಿ ಗಂಜಿ ಇಲ್ಲ, ನೀರು ಮತ್ತು ಏಟು ಅಷ್ಟೇ. ಪಕ್ಕದಲ್ಲಿ ‘ವಾಲ್ಯಾವಿತ್ಸಾ’ ಇದೆ. ನೆಲದಲ್ಲಿ ಹೂತಿಟ್ಟ ದೊಡ್ಡ ಮರದ ತೊಟ್ಟಿ. ನೀರು ಎತ್ತರದಿಂದ ಓರೆಯಾಗಿ ಬಿದ್ದು ಸುಳಿ ಏಳುತ್ತದೆ, ಜಮಖಾನೆ, ಕಂಬಳಿ ಅದರಲ್ಲಿ ತಾನಾಗಿ ಸುತ್ತಿ ಶುಚಿಯಾಗುತ್ತವೆ. ವಿದ್ಯುತ್ತಿಲ್ಲದ ವಾಷಿಂಗ್ ಮೆಷಿನ್ ಅಂದರೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ‘ಗೈತಾನ್’ ಯಂತ್ರ. ಗೈತಾನ್ ಅಂದರೆ ಬಟ್ಟೆಯ ಅಂಚಿಗೆ ಹೊಲಿಯುವ, ಉಣ್ಣೆಯಿಂದ ಹೆಣೆದ ಹುರಿ, ನಮ್ಮ ಲಾಡಿಗಿಂತ ಸಣ್ಣದು. ಜಡೆ ಕೋಲಾಟ ನೋಡಿದ್ದೀರಲ್ಲ? ಮೇಲಿಂದ ಇಳಿಬಿಟ್ಟ ಬಣ್ಣದ ಪಟ್ಟಿ ಹಿಡಿದು ಒಬ್ಬರ ಒಳಗಿಂದ ಒಬ್ಬರು ನುಸುಳಿ ಕುಣಿಯುತ್ತಾ ಹೋದಂತೆ ಜಡೆ ಹೆಣೆದುಕೊಳ್ಳುತ್ತದೆ. ಇಲ್ಲಿ ಕುಣಿಯುವುದು ಕಂಡಿಕೆಗಳು. ಹೊಳೆಯ ಚಕ್ರ ತಿರುಗಿದಂತೆ ಕಂಡಿಕೆಗಳು ಕಟಕಟ ಅಂತ ಒಂದರ ಒಳಗಿಂದ ಒಂದು ನುಸುಳುತ್ತವೆ, ಮೇಲೆ ಕಪ್ಪು ಹುರಿ ನಿಧಾನಕ್ಕೆ ಬೆಳೆಯುತ್ತದೆ. ಮಂಡ್ಯದ ಒಬ್ಬ ಅಜ್ಜಿ ಇದರ ಮುಂದೆ ನಿಂತು ಹೆಜ್ಜೆ ಲೆಕ್ಕ ಹಾಕಿ, ‘ಇದು ನಮ್ಮದೇ ಕಣಪ್ಪ’ ಅಂದಿದ್ದರು.

ನಾವೇ ಕೈ ಹಾಕಿ ಮಾಡಿ ನೋಡಬಹುದಾ?

ಮೊದಲೇ ಹೇಳಿದರೆ ಮಣ್ಣಿನ ಕೆಲಸ ವ್ಯವಸ್ಥೆ ಮಾಡುತ್ತೇವೆ. ಚಕ್ರದ ಮೇಲೆ ಮೊದಲ ಸಲ ಕೂತವರ ಬಟ್ಟಲು ಒಂದು ಕಡೆಗೆ ವಾಲುತ್ತದೆ, ಬೇಜಾರಾಗಬೇಡಿ. ಒಣಗಿಸಿ ಸುಡಲು ದಿನಗಟ್ಟಲೆ ಬೇಕು, ಆದ್ದರಿಂದ ಅದನ್ನು ಅದೇ ದಿನ ಮನೆಗೆ ಒಯ್ಯಲು ಆಗುವುದಿಲ್ಲ. ಕಮ್ಮಾರರ ಹತ್ತಿರ, ಮರ ಕಡೆಯುವ ಯಂತ್ರದ ಹತ್ತಿರ ನೋಡುವುದಷ್ಟೇ. ಚನ್ನಪಟ್ಟಣದಲ್ಲಿ ಆಟಿಕೆ ಮಾಡುವುದನ್ನು ಕಂಡವರು ಮರ ಕಡೆಯುವವರ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಾರೆ. ಇಲ್ಲಿ ಚಕ್ರ ತಿರುಗಿಸುವುದು ಹೊಳೆ, ಮತ್ತು ಅರಗಿನ ಬಣ್ಣ ಇಲ್ಲ. ‘ಬಕ್ಲಿತ್ಸಾ’ ಅನ್ನುವ ಚಪ್ಪಟೆ ಮರದ ಬುರುಡೆ ಕೇಳಿ ನೋಡಿ. ಅದರಲ್ಲಿ ವೈನ್ ತುಂಬಿಕೊಂಡು ಮನೆಮನೆಗೆ ಹೋಗಿ ಮದುವೆಗೆ ಕರೆಯುತ್ತಿದ್ದರು.

ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?

ಖಂಡಿತ. ಮೊಸರಿನ ದೇಶ ಇದು. ಮೊಸರಿನ ಬ್ಯಾಕ್ಟೀರಿಯಾವನ್ನು 1905ರಲ್ಲಿ ಗುರುತಿಸಿದ ಸ್ತಾಮೆನ್ ಗ್ರಿಗೊರೊವ್ ಬಲ್ಗೇರಿಯಾದವರು. ಬೇಸಿಗೆಯಲ್ಲಿ ‘ತರಾತೊರ್’ ಕುಡಿಯಿರಿ: ಮೊಸರು, ಸೌತೆಕಾಯಿ, ಬೆಳ್ಳುಳ್ಳಿ, ಸಬ್ಬಸಿಗೆ, ಮೇಲೆ ವಾಲ್‌ನಟ್. ನಮ್ಮ ಸೌತೆಕಾಯಿ ಮೊಸರುಬಜ್ಜಿಯನ್ನು ನೀರು ಮಾಡಿದಂತೆ. ‘ಆಯ್ರಾನ್’ ಅಂದರೆ ಉಪ್ಪು ಹಾಕಿದ ಮಜ್ಜಿಗೆ, ಒಗ್ಗರಣೆ ಇಲ್ಲ ಅಷ್ಟೇ.

ಎಚ್ಚರ ಬೇಕಾದ ಕಡೆ: ‘ಬಾನಿತ್ಸಾ’ದಲ್ಲಿ ಮೊಟ್ಟೆ ಇರುತ್ತದೆ. ಹುರುಳಿಕಾಯಿ ಬೀಜದ ಸಾರು ‘ಬೊಬ್ ಚೊರ್ಬಾ’ಕ್ಕೆ ಕೆಲವು ಕಡೆ ಸಾಸೇಜ್ ಹಾಕುತ್ತಾರೆ. ‘ಬೆಜ್ ಮೆಸೊ’ ಅಂದರೆ ಮಾಂಸ ಬೇಡ. ಅದಕ್ಕಿಂತ ಗಟ್ಟಿ ಮಾತು ‘ಪೋಸ್ತ್ನೊ’. ಉಪವಾಸದ ದಿನದ ಅಡುಗೆ ಅಂತ ಅರ್ಥ. ಮೆನುವಿನಲ್ಲಿ ಅದು ಕಂಡರೆ ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಎಟರ್‌ನಲ್ಲಿ ಬಿಸಿ ಮರಳಿನ ಮೇಲೆ ಕಾಯಿಸಿದ ಕಾಫಿ ಕುಡಿಯದೆ ಬರಬೇಡಿ. ಫಿಲ್ಟರ್ ಕಾಫಿ ಅಲ್ಲ, ಹೋಲಿಸಬೇಡಿ. ಮಕ್ಕಳಿಗೆ ಕೆಂಪು ಸಕ್ಕರೆ ಹುಂಜ ಕಡ್ಡಿ ಮಿಠಾಯಿ.

ಭಾಷೆ ಗೊತ್ತಿಲ್ಲ, ತಲೆ ಅಲ್ಲಾಡಿಸಿ ಸಂಭಾಳಿಸಬಹುದಾ?

ಅದೇ ತಮಾಷೆ. ಇಲ್ಲಿ ‘ಹೌದು’ ಅನ್ನಲು ತಲೆಯನ್ನು ಆಕಡೆ ಈಕಡೆ ಆಡಿಸುತ್ತಾರೆ, ‘ಇಲ್ಲ’ ಅನ್ನಲು ಮೇಲೆ ಕೆಳಗೆ. ಬೇರೆ ಪ್ರವಾಸಿಗರು ಒದ್ದಾಡುತ್ತಾರೆ, ನಮ್ಮ ‘ಸರಿ ಸರಿ’ ತಲೆಯಾಟ ಮಾತ್ರ ಇವರಿಗೆ ಸಲೀಸಾಗಿ ಅರ್ಥವಾಗುತ್ತದೆ. ತೊಂದರೆ ಬರುವುದು ‘ಇನ್ನೂ ಬೇಕಾ’ ಅಂದಾಗ ನೀವು ಮೇಲೆ ಕೆಳಗೆ ಆಡಿಸಿದರೆ. ತಟ್ಟೆ ಹೊರಟುಹೋಗುತ್ತದೆ. ಬಾಯಲ್ಲಿ ‘ದಾ’ ಅಥವಾ ‘ನೆ’ ಅಂದುಬಿಡಿ.

ವಯಸ್ಸಾದವರು, ಚಿಕ್ಕ ಮಕ್ಕಳು ಬರಬಹುದಾ?

ಬರಬಹುದು. ಕೋಟೆ ಏರು ದಾರಿ, ಕಲ್ಲುಗಳು ಸವೆದು ನುಣುಪಾಗಿವೆ, ಮಳೆ ಬಂದರೆ ಜಾರುತ್ತವೆ. ಒಳ್ಳೆ ಹಿಡಿತದ ಶೂ ಬೇಕೇ ಬೇಕು. ಮಂಡಿ ನೋವಿರುವವರು ಮೊದಲ ಬಾಗಿಲವರೆಗೆ ಬಂದು ಆಮೇಲೆ ಪೇಟೆ ಬೀದಿಯಲ್ಲಿ ಕಾಫಿ ಕುಡಿಯುತ್ತಾ ಕೂರಬಹುದು. ಎಟರ್ ಹೊಳೆಯ ಪಕ್ಕ ಮಟ್ಟಸವಾಗಿದೆ, ಅಲ್ಲಿ ಕಷ್ಟವಿಲ್ಲ. ಮಕ್ಕಳ ಕೈ ಮಾತ್ರ ಬಿಡಬೇಡಿ, ನೀರು ತೆರೆದೇ ಇರುತ್ತದೆ.

ಯಾವಾಗ ಬರುವುದು ಒಳ್ಳೆಯದು? ಗುಲಾಬಿ ತೋಟನೂ ಆಗುತ್ತಾ?

ಮೇ, ಜೂನ್, ಸೆಪ್ಟೆಂಬರ್. ಜುಲೈ-ಆಗಸ್ಟ್‌ನಲ್ಲಿ ಕೋಟೆಯ ಮೇಲೆ ನೆರಳೇ ಇಲ್ಲ. ಗುಲಾಬಿ ಕಣಿವೆ ಇರುವುದು ಗಾಬ್ರೊವೊದಿಂದ ಶಿಪ್ಕಾ ಘಾಟಿ ದಾಟಿದ ಮೇಲೆ, ಕಜಾನ್ಲಕ್ ಕಡೆ. ಹೂ ಕೊಯ್ಯುವುದು ಮೇ-ಜೂನ್‌ನಲ್ಲಿ, ಅದೂ ಬೆಳ್ಳಂಬೆಳಿಗ್ಗೆ. ಇದೇ ದಿನಕ್ಕೆ ತುರುಕಲು ಆಗುವುದಿಲ್ಲ.

ಗಾಬ್ರೊವೊ ಜನ ನಿಜವಾಗಿಯೂ ಅಷ್ಟು ಜಿಪುಣರಾ?

ಹಾಗಂತ ಮೊದಲು ಹೇಳುವವರೇ ಅವರು. ಚಳಿಗಾಲದಲ್ಲಿ ಬೆಕ್ಕು ಒಳಗೆ ಬರುವಾಗ ಬಾಗಿಲು ಜಾಸ್ತಿ ಹೊತ್ತು ತೆರೆದಿದ್ದರೆ ಬಿಸಿ ಹೊರಗೆ ಹೋಗುತ್ತದೆ ಅಂತ ಬೆಕ್ಕಿನ ಬಾಲ ಕತ್ತರಿಸಿದರಂತೆ. ರಾತ್ರಿ ಗಡಿಯಾರ ನಿಲ್ಲಿಸುತ್ತಾರಂತೆ, ಹಲ್ಲುಚಕ್ರ ಸವೆಯಬಾರದಲ್ಲ. ಬಾಲವಿಲ್ಲದ ಬೆಕ್ಕೇ ಊರಿನ ಗುರುತು. 1972ರ ಏಪ್ರಿಲ್ 1ರಂದು ಇಲ್ಲಿ ಹಾಸ್ಯಕ್ಕೆಂದೇ ಒಂದು ಮ್ಯೂಸಿಯಂ ತೆರೆದರು.

ದುಡ್ಡು, ಚೌಕಾಸಿ?

2026ರ ಜನವರಿ 1ರಿಂದ ಇಲ್ಲಿ ಯೂರೋ. ಹಳೇ ಲೆವ್ ನೋಟು ಯಾರಾದರೂ ಚಿಲ್ಲರೆಯಾಗಿ ಕೊಟ್ಟರೆ ತೆಗೆದುಕೊಳ್ಳಬೇಡಿ. ಚಿಕ್ಕ ಅಂಗಡಿಗಳಿಗೆ ಕೈಯಲ್ಲಿ ನಗದು ಇರಲಿ. ಮ್ಯಾಗ್ನೆಟ್ ಅಂಗಡಿಯಲ್ಲಿ ಬೇಕಾದಷ್ಟು ಚೌಕಾಸಿ ಮಾಡಿ. ಎದುರಿಗೇ ಕೂತು ಕೆತ್ತುತ್ತಿರುವವರ ಹತ್ತಿರ ದಯವಿಟ್ಟು ಬೇಡ.

ಇನ್ನೊಂದು ಅರ್ಧ ದಿನ ಇದ್ದರೆ ಎಲ್ಲಿಗೆ ಹೋಗಲಿ?

ಟ್ರ್ಯಾವ್ನಾ. ಮರಗೆತ್ತನೆಯ ಊರು. ಅಲ್ಲಿನ ದಸ್ಕಾಲೊವ್ ಮನೆಯಲ್ಲಿ ಎರಡು ಕೋಣೆಗಳ ಮುಚ್ಚಿಗೆಗೆ ವಾಲ್‌ನಟ್ ಮರದ ಎರಡು ಸೂರ್ಯರಿದ್ದಾರೆ. 1808ರಲ್ಲಿ ಮೇಸ್ತ್ರಿ ದಿಮಿತರ್‌ಗೂ ಅವನ ಶಿಷ್ಯ ಇವಾನ್‌ಗೂ ಪಂಥ ಬಿತ್ತಂತೆ. ಆರು ತಿಂಗಳು ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕೆತ್ತಿದರು. ಗೆದ್ದವನು ಮೇಸ್ತ್ರಿ. ಆದರೆ ಶಿಷ್ಯನ ಕೆಲಸ ನೋಡಿ ಅವನಿಗೂ ಮೇಸ್ತ್ರಿ ಪಟ್ಟ ಕೊಟ್ಟರು. ನನಗೆ ಶಿಷ್ಯನ ಸೂರ್ಯನೇ ಚೆಂದ ಅನ್ನಿಸುತ್ತದೆ. ಇಬ್ಬರು ಕನ್ನಡದವರನ್ನು ಕರೆದುಕೊಂಡು ಹೋದರೆ ವಾಪಸ್ ದಾರಿ ಪೂರ್ತಿ ಇದೇ ಜಗಳ.

ಎಟರ್‌ನಲ್ಲಿ ಚಾ‌ಕು ಕೊಂಡರೆ ವಿಮಾನದಲ್ಲಿ ಒಯ್ಯಬಹುದಾ?

ಚೆಕ್-ಇನ್ ಲಗೇಜ್‌ನಲ್ಲಿ ಮಾತ್ರ. ಗಾಬ್ರೊವೊ ಚಾಕುಗಳಿಗೆ ಹೆಸರಿದೆ, ಕೊಂಬಿನ ಹಿಡಿಯದು ಚೆನ್ನಾಗಿರುತ್ತದೆ. ಬರೀ ಕ್ಯಾಬಿನ್ ಬ್ಯಾಗ್ ತಂದವರು ಕುರಿಗೆ ಕಟ್ಟುವ ಗಂಟೆ ಕೊಳ್ಳಿ. ಸೆಕ್ಯುರಿಟಿಯಲ್ಲಿ ಬ್ಯಾಗ್ ಅಲ್ಲಾಡಿದಾಗ ಎಲ್ಲರೂ ತಿರುಗಿ ನೋಡುತ್ತಾರೆ, ಬೇರೆ ತೊಂದರೆ ಏನಿಲ್ಲ.